ತಕ್ಕಡಿಗೆ ಸಿಗದ ಕುಸುರಿ

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಬೆಲ್ಟುಗಳ ಬಕಲ್‌ಗಳಲ್ಲಿ ಬಹಳಷ್ಟು ಸತುವಿನ ಮಿಶ್ರಲೋಹದವು. ಆ ಲೋಹದ ಹೆಸರು ಜಾಮಾಕ್. ಸತುವಿಗೆ ಶೇ 4ರಷ್ಟು ಅಲ್ಯೂಮಿನಿಯಂ, ಜೊತೆಗೆ ಚೂರು ಮೆಗ್ನೀಶಿಯಂ ಮತ್ತು ತಾಮ್ರ ಬೆರೆಸಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಇದನ್ನು ರೂಪಿಸಿತು. ಕರಗಿದ ಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿದರೆ ಸೆಕೆಂಡುಗಳಲ್ಲಿ ಬಕಲ್ ಸಿದ್ಧ. ಮೇಲೊಂದು ಹೊಳಪಿನ ಲೇಪ ಕೊಟ್ಟರೆ ಬೆಳ್ಳಿಯಂತೆಯೋ ಚಿನ್ನದಂತೆಯೋ ಮಿನುಗುತ್ತದೆ. ಬೆಳ್ಳಿ ಕೂರಿಸಿ ಮಾಡುವ ನಮ್ಮ ಬೀದರ್‌ನ ಬಿದ್ರಿಯ ಮೂಲ ಲೋಹವೂ ಸತುವೇ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಜಾಮಾಕ್ ಬಕಲ್ ಒಂದನ್ನೂ ಬಿದ್ರಿ ಬಕಲ್ ಒಂದನ್ನೂ ತಕ್ಕಡಿಯ ಎರಡು ತಟ್ಟೆಗಳಿಗೆ ಹಾಕಿದರೆ ಬರುವ ಲೆಕ್ಕ ಹೆಚ್ಚುಕಡಿಮೆ ಒಂದೇ: ಇಷ್ಟು ಗ್ರಾಂ ಸತು. ಬಿದ್ರಿಯಲ್ಲಿರುವ ಚೂರು ಬೆಳ್ಳಿಯ ಬೆಲೆ ಸೇರಿಸಿದರೂ ಎರಡರ ಬೆಲೆಯ ನಡುವಿನ ಅಂತರಕ್ಕೆ ಕಾರಣ ಸಿಗುವುದಿಲ್ಲ. ಆ ಅಂತರ ಪೂರ್ತಿಯಾಗಿ ಕೈಕೆಲಸದ್ದು. ನಮ್ಮ ಅಂಗಡಿ, ನಮ್ಮ ಬಿಲ್ಲು, ನಮ್ಮ ಕಾನೂನು ಮೂರೂ ಲೋಹವನ್ನು ಚೆನ್ನಾಗಿ ತೂಗುತ್ತವೆ, ಕೈಕೆಲಸವನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೈಯಿಂದ ಮಾಡಿದ ಬಕಲ್, ಗುಂಡಿ, ಕಫ್‌ಲಿಂಕ್, ಸೊಂಟಪಟ್ಟಿಗಳ ಕಲೆ ಉಳಿಯಬೇಕಾದರೆ ಎರಡು ಕೆಲಸ ಆಗಬೇಕು. ವಸ್ತುವಿನ ಮೇಲೆ ಮಾಡಿದವರ ಗುರುತು ಇರಬೇಕು. ಬಿಲ್ಲಿನಲ್ಲಿ ಕೆಲಸದ ಬೆಲೆ ಲೋಹದ ಬೆಲೆಯಿಂದ ಬೇರೆಯಾಗಿ ಕಾಣಬೇಕು.

ಬಕಲ್ ಸಣ್ಣ ವಸ್ತು. ಆದರೆ ಆಭರಣಗಳ ಪೈಕಿ ದಿನವಿಡೀ ದುಡಿಯುವುದು ಅದೊಂದೇ. ಸರ ಕೊರಳಲ್ಲಿ ಸುಮ್ಮನೆ ಕೂರುತ್ತದೆ, ಓಲೆ ಕಿವಿಯಲ್ಲಿ ತೂಗಾಡುತ್ತದೆ; ಬಕಲ್ ಮಾತ್ರ ಎಳೆತ ತಾಳುತ್ತಲೇ ಇರಬೇಕು. ಒಂದು ಚೌಕಟ್ಟು, ತೊಗಲು ಸುತ್ತಿಕೊಳ್ಳುವ ಅಡ್ಡಕಂಬಿ, ತೂತಿಗೆ ಇಳಿಯುವ ಮುಳ್ಳು, ಮುಳ್ಳು ಆಡುವ ಕೀಲು. ಇಷ್ಟೇ ಭಾಗಗಳು. ಬೆಳ್ಳಿಯಲ್ಲಿ ಮಾಡುವುದಾದರೆ ತಗಡನ್ನು ಸಣ್ಣ ಗರಗಸದಲ್ಲಿ ಕೊಯ್ದು, ಅರದಿಂದ ಅಂಚು ತೀಡಿ, ಬಿಳಿಗಾರ ಹಚ್ಚಿ ಬೆಸುಗೆ ಹಾಕಬೇಕು. ಬೆಸುಗೆಯ ಕಾವಿಗೆ ಬೆಳ್ಳಿ ಮೆತ್ತಗಾಗುತ್ತದೆ. ಹಾಗೇ ಬಿಟ್ಟರೆ ತೊಟ್ಟವರು ಕೂತೆದ್ದಾಗಲೆಲ್ಲ ಚೌಕಟ್ಟು ಬಾಗುತ್ತದೆ, ಆದ್ದರಿಂದ ಸುತ್ತಿಗೆಯ ಹಗುರ ಪೆಟ್ಟುಗಳಿಂದ ಅದನ್ನು ಮತ್ತೆ ಗಟ್ಟಿ ಮಾಡಬೇಕು. ಮುಳ್ಳಿನ ತುದಿ ಬಂದು ಕೂರುವ ಜಾಗದಲ್ಲಿ ಚೌಕಟ್ಟನ್ನು ತುಸು ತಗ್ಗಿಸದಿದ್ದರೆ ಮುಳ್ಳು ಜಾರುತ್ತದೆ, ಹೆಚ್ಚು ತಗ್ಗಿಸಿದರೆ ಚೌಕಟ್ಟು ಅಲ್ಲೇ ಬಳುಕುತ್ತದೆ. ಹಿಂಬದಿಯ ಅಂಚು ಒರಟಾಗಿ ಉಳಿದರೆ ಕೆಲವೇ ತಿಂಗಳಲ್ಲಿ ತೊಗಲು ಕತ್ತರಿಸುತ್ತದೆ. ಇದಾವುದೂ ತೂಕದಲ್ಲಿ ಕಾಣುವುದಿಲ್ಲ. ಅಷ್ಟೇ ಅಲ್ಲ, ಕೆಲಸ ನಯವಾದಷ್ಟೂ ಅರದ ಬಾಯಿಗೆ ಹೋಗುವ ಲೋಹ ಹೆಚ್ಚು, ಉಳಿಯುವ ತೂಕ ಕಡಿಮೆ. ತೂಕವೊಂದೇ ಅಳತೆಯಾದರೆ ಒರಟು ಕೆಲಸಕ್ಕೇ ಹೆಚ್ಚು ಬೆಲೆ ಸಿಕ್ಕಂತೆ.

ಬಿದ್ರಿಯಲ್ಲಿ ಈ ಮಾತು ಇನ್ನೂ ಸ್ಪಷ್ಟ. ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ ತುಂಡನ್ನು ಅರದಿಂದ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾದ ಮೇಲೆ ಮೊನೆಯಿಂದ ಗೀಚಿದ ಗೆರೆ ಬೆಳ್ಳಗೆ ಕಾಣುತ್ತದೆ. ಆ ಗೆರೆಯ ಜಾಡಿನಲ್ಲಿ ಸಣ್ಣ ಉಳಿಯಿಂದ ತೋಡು ಕೊರೆದು, ಬೆಳ್ಳಿಯ ತಂತಿಯನ್ನೋ ತೆಳು ತಗಡನ್ನೋ ಅದರೊಳಗೆ ಬಡಿದು ಕೂರಿಸುತ್ತಾರೆ. ತಂತಿ ಕೂರಿಸುವುದಕ್ಕೆ ತಾರಕಶಿ, ತಗಡು ಕೂರಿಸುವುದಕ್ಕೆ ತೆಹನಿಶಾನ್ ಎಂಬ ಹೆಸರುಗಳು ಕುಶಲಕರ್ಮಿಗಳ ಬಾಯಲ್ಲಿ ಇಂದಿಗೂ ಉಳಿದಿವೆ. ಇದಕ್ಕೆ ಅಂಟಿಲ್ಲ, ಬೆಸುಗೆಯಿಲ್ಲ. ತೋಡಿನ ಆಕಾರವೇ ಬೆಳ್ಳಿಯನ್ನು ಹಿಡಿದಿಡುತ್ತದೆ. ಕಡೆಗೆ ಮತ್ತೊಮ್ಮೆ ಉಜ್ಜಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕದಡಿ, ಬಿಸಿ ಮಾಡಿದ ತುಂಡಿಗೆ ಹಚ್ಚುತ್ತಾರೆ. ಸತುವಿನ ಮೈ ಮಾತ್ರ ಮಾಸದ ಕಪ್ಪಿಗೆ ತಿರುಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಆಮೇಲೆ ಎಣ್ಣೆ ಹಚ್ಚಿ ಒರೆಸಿದರೆ ಕಪ್ಪಿನ ಮೇಲೆ ಬೆಳ್ಳಿ ಎದ್ದು ಕಾಣುತ್ತದೆ. ಒಂದು ಬಕಲ್‌ನ ಮುಖದ ಮೇಲೆ ಹೂಬಳ್ಳಿ ಮೂಡಿಸಲು ಬೇಕಾದ ಬೆಳ್ಳಿ ಬಹಳವಿಲ್ಲ, ಆದರೆ ಉಳಿಯ ಪೆಟ್ಟುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಬಿದ್ರಿ ಲೋಹ ಪೆಡಸು, ಕೆಳಗೆ ಬಿದ್ದರೆ ಒಡೆಯಬಹುದು. ಹಾಗಾಗಿ ಮುಖ ಬಿದ್ರಿಯದಾದರೂ ಎಳೆತ ತಾಳುವ ಹಿಂಬದಿ, ಮುಳ್ಳು ಹಿತ್ತಾಳೆಯದೋ ಉಕ್ಕಿನದೋ ಆಗಬೇಕು. ಎರಡು ಲೋಹಗಳನ್ನು ಹೇಗೆ ಜೋಡಿಸುವುದು ಎಂಬ ವಿವೇಚನೆಗೂ ತಕ್ಕಡಿಯಲ್ಲಿ ಬೆಲೆಯಿಲ್ಲ.

ಈಗ ನಮ್ಮ ಬಿಲ್ಲನ್ನು ನೋಡೋಣ. ಚಿನ್ನ, ಬೆಳ್ಳಿಯ ಅಂಗಡಿಯಲ್ಲಿ ಬೆಲೆ ಕಟ್ಟುವುದು ಗ್ರಾಂ ಲೆಕ್ಕದಲ್ಲಿ. ಅದರ ಮೇಲೆ ಮಜೂರಿ ಅಥವಾ ವೇಸ್ಟೇಜ್ ಎಂದು ಶೇಕಡಾವಾರು ಒಂದಿಷ್ಟು ಸೇರುತ್ತದೆ. ಮೇಲ್ನೋಟಕ್ಕೆ ಇದು ಕೆಲಸದ ಬೆಲೆ. ಲೆಕ್ಕ ಹಾಕಿ ನೋಡಿದರೆ ಅಲ್ಲ. 10 ಗ್ರಾಂ ಆಭರಣಕ್ಕೆ ಶೇ 12 ಮಜೂರಿ ಎಂದಿಟ್ಟುಕೊಳ್ಳಿ. ಚಿನ್ನದ ದರ ದುಪ್ಪಟ್ಟಾದರೆ ಮಜೂರಿಯೂ ದುಪ್ಪಟ್ಟಾಗುತ್ತದೆ, ಅಕ್ಕಸಾಲಿಗ ಒಂದು ಪೆಟ್ಟನ್ನೂ ಹೆಚ್ಚು ಹಾಕಿರುವುದಿಲ್ಲ. ಅದೇ ವಿನ್ಯಾಸವನ್ನು ಜಾಣತನದಿಂದ 6 ಗ್ರಾಂನಲ್ಲಿ ಮಾಡಿ ತೋರಿಸಿದರೆ ಮಜೂರಿ ಇಳಿಯುತ್ತದೆ, ಅಂದರೆ ಕೌಶಲಕ್ಕೆ ದಂಡ ಬೀಳುತ್ತದೆ. ಮಜೂರಿ ಎಂದು ಗಿರಾಕಿ ಕೊಟ್ಟ ಹಣದಲ್ಲಿ ಕೆಲಸ ಮಾಡಿದವರಿಗೆ ಎಷ್ಟು ತಲುಪಿತು ಎಂಬುದನ್ನಂತೂ ಬಿಲ್ಲು ಹೇಳುವುದೇ ಇಲ್ಲ. ಇನ್ನು ಹಿತ್ತಾಳೆ, ತಾಮ್ರ, ಸತುವಿನಲ್ಲಿ ಕೆಲಸ ಮಾಡುವ ಕಲಾವಿದರಿಗೆ ಈ ಪದ್ಧತಿಯಲ್ಲಿ ಜಾಗವೇ ಇಲ್ಲ. ಮೂಲ ಲೋಹದ ಬೆಲೆ ನೂರಿನ್ನೂರು ರೂಪಾಯಿಯಾದರೆ ಅದರ ಶೇ 12 ಎಷ್ಟಾದೀತು? ಇಂಥ ವಸ್ತುವಿನ ಬೆಲೆ ಕೇಳಿದ ಗಿರಾಕಿ ‘ಇದರಲ್ಲಿ ಬೆಳ್ಳಿ ಎಷ್ಟಿದೆ?’ ಎಂದು ಕೇಳುವುದು ಸಹಜ. ತಪ್ಪು ಅವರದಲ್ಲ, ನಾವೆಲ್ಲ ಕಲಿತ ಅಳತೆ ಅದೊಂದೇ.

ಈ ಅಳತೆಯ ಬೇರು ಆಳದಲ್ಲಿದೆ. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆ ಅಕ್ಕಸಾಲಿಗರನ್ನು ನಾವು ಯಾವ ಕಣ್ಣಿನಿಂದ ನೋಡುತ್ತ ಬಂದಿದ್ದೇವೆ ಎಂಬುದಕ್ಕೆ ಸಾಕ್ಷಿ. ಲೋಹ ಕದಿಯಬಹುದಾದವನು ಎಂಬ ಅನುಮಾನ ಗಾದೆಯಾಗಿ ಉಳಿಯಿತು; ಲೋಹಕ್ಕೆ ಏನನ್ನೋ ಸೇರಿಸುವವನು ಎಂಬ ಮೆಚ್ಚುಗೆ ಅಷ್ಟು ಬಲವಾಗಿ ಉಳಿಯಲಿಲ್ಲ. ಇಂದಿನ ಕಾನೂನು ಆ ಅನುಮಾನವನ್ನೇ ಶಾಸ್ತ್ರೀಯಗೊಳಿಸಿದೆ. 2021ರ ಜೂನ್‌ನಿಂದ ಹಂತಹಂತವಾಗಿ ಚಿನ್ನಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಪ್ರತಿ ಆಭರಣಕ್ಕೂ ಆರು ಅಕ್ಷರ-ಅಂಕಿಗಳ ವಿಶಿಷ್ಟ ಸಂಖ್ಯೆ ಬೇಕೇ ಬೇಕು. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಗೂ ಇಂಥ ಸಂಖ್ಯೆಯ ವ್ಯವಸ್ಥೆ ಬಂದಿದೆ, ಕಡ್ಡಾಯವಲ್ಲ ಅಷ್ಟೆ. ಬಿಲ್ಲಿನಲ್ಲಿ ವಸ್ತುವಿನ ವಿವರ, ನಿವ್ವಳ ತೂಕ, ಪರಿಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಇರಬೇಕೆಂಬ ನಿಯಮವೂ ಇದೆ. ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಆ್ಯಪ್‌ಗೆ ಹಾಕಿದರೆ ಮಾರಿದ ಆಭರಣ ಸಂಸ್ಥೆ, ಪರೀಕ್ಷಿಸಿದ ಕೇಂದ್ರ, ಶುದ್ಧತೆ ಎಲ್ಲ ತಿಳಿಯುತ್ತದೆ. ಮಾಡಿದವರು ಯಾರೆಂದು ಮಾತ್ರ ತಿಳಿಯುವುದಿಲ್ಲ. ಗ್ರಾಹಕರ ಹಿತಕ್ಕಾಗಿ ಇಷ್ಟೆಲ್ಲ ಮಾಡಿದ್ದು ಸರಿಯೇ. ಆದರೆ ಲೋಹದ ಗುಟ್ಟನ್ನೆಲ್ಲ ಬಯಲಿಗಿಟ್ಟ ಅದೇ ವ್ಯವಸ್ಥೆ ಕೈಯ ಗುಟ್ಟನ್ನು ಹಾಗೇ ಮುಚ್ಚಿಟ್ಟಿದೆ.

ಭೌಗೋಳಿಕ ಗುರುತು ಇದೆಯಲ್ಲ ಎನ್ನಬಹುದು. ಬಿದ್ರಿಗೆ 2006ರಲ್ಲೇ ಅದು ಸಿಕ್ಕಿತು. 1999ರ ಕಾಯ್ದೆಯಡಿ ಸಿಗುವ ಈ ರಕ್ಷಣೆ ಒಂದು ಪ್ರದೇಶದ ಎಲ್ಲ ಉತ್ಪಾದಕರಿಗೆ ಸೇರಿದ್ದು, ಅಧಿಕೃತ ಬಳಕೆದಾರರಾಗಿ ಕುಶಲಕರ್ಮಿಗಳು ಹೆಸರು ನೋಂದಾಯಿಸಿಕೊಳ್ಳಲೂ ಅದರಲ್ಲಿ ಅವಕಾಶವಿದೆ. ಆದರೆ ಅದು ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ವ್ಯಕ್ತಿಯ ಹೆಸರನ್ನು ವಸ್ತುವಿನ ಮೇಲೆ ತರುವುದಿಲ್ಲ. ಬೀದರ್‌ನಲ್ಲಿ ಮೂವತ್ತು ವರ್ಷ ಉಳಿ ಹಿಡಿದವರ ಬಕಲ್‌ಗೂ ಮೂರು ತಿಂಗಳ ಹಿಂದೆ ಕಲಿಯಲು ಕೂತವರ ಬಕಲ್‌ಗೂ ಗುರುತು ಒಂದೇ ಆದಾಗ ಗಿರಾಕಿ ಕಡಿಮೆ ಬೆಲೆಯದನ್ನು ಎತ್ತಿಕೊಳ್ಳುತ್ತಾನೆ. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕಲೆ ಊರಿನದಾದರೂ ಅದರ ಉತ್ಕೃಷ್ಟತೆ ವ್ಯಕ್ತಿಯದು ಎಂಬುದನ್ನು ಸರ್ಕಾರವೇ ಒಪ್ಪಿದಂತಾಯಿತು. ಪ್ರಶಸ್ತಿಯಲ್ಲಿ ಒಪ್ಪಿದ ಮಾತನ್ನು ಮಾರಾಟದಲ್ಲಿ ಒಪ್ಪಬಾರದೇಕೆ?

ಹೆಸರಿನಿಂದ ಬೆಲೆ ಬರುತ್ತದೆಯೇ ಎಂಬುದಕ್ಕೆ ಹೊರಗಿನ ಎರಡು ನಿದರ್ಶನಗಳಿವೆ. ಮೊದಲನೆಯದು ಅಮೆರಿಕದ ನೈರುತ್ಯ ಭಾಗದ ನವಾಹೊ ಜನರ ಬೆಳ್ಳಿ ಕೆಲಸ. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಅತ್ಸಿದಿ ಸಾನಿ ಎಂಬಾತ ಮೆಕ್ಸಿಕೊದ ಕಮ್ಮಾರನೊಬ್ಬನಿಂದ ಲೋಹದ ಕೆಲಸ ಕಲಿತ ಎಂಬುದು ಅಲ್ಲಿನ ಪ್ರತೀತಿ. ನಾಣ್ಯಗಳನ್ನು ಕರಗಿಸಿ ಮಾಡಿದ ದುಂಡು ಬಿಲ್ಲೆಗಳನ್ನು ತೊಗಲಿಗೆ ಪೋಣಿಸಿದ ಕಾಂಚೊ ಬೆಲ್ಟು, ಅದರ ಬಕಲ್ ಅವರ ಹೆಗ್ಗುರುತಾದವು. ರೈಲು ಬಂತು, ಪ್ರವಾಸಿಗರು ಬಂದರು. 1899ರ ಹೊತ್ತಿಗೆ ಫ್ರೆಡ್ ಹಾರ್ವೆ ಕಂಪನಿ ಪ್ರವಾಸಿಗರಿಗೆ ಹೊಂದುವ ಹಗುರ ಆಭರಣಗಳನ್ನು ಮಾಡಿಸತೊಡಗಿತು. ಅದರ ಬೆನ್ನಿಗೆ ಯಂತ್ರದ ನಕಲುಗಳು ಬಂದವು. 1935ರಲ್ಲಿ ಅಲ್ಲಿನ ಸರ್ಕಾರ ಮೂಲನಿವಾಸಿ ಕಲೆಗಳಿಗಾಗಿಯೇ ಮಂಡಳಿಯೊಂದನ್ನು ರಚಿಸಿತು, ಬಳಿಕ ಕೈಕೆಲಸದ ಬೆಳ್ಳಿಗೆ ಸರ್ಕಾರಿ ಮುದ್ರೆ ಒತ್ತಿಸಿತು. ಆ ಮುದ್ರೆ ಜನಾಂಗದ ಹೆಸರನ್ನು ಹೇಳುತ್ತಿತ್ತು, ಮಾಡಿದವರ ಹೆಸರನ್ನಲ್ಲ. ಹೆಚ್ಚು ಕಾಲ ಅದು ನಡೆಯಲೂ ಇಲ್ಲ. ನೆಲೆ ನಿಂತದ್ದು ಕಲಾವಿದರು ತಾವೇ ಒತ್ತಿಕೊಂಡ ಸ್ವಂತ ಗುರುತು. ನವಾಹೊ ಜನಾಂಗದ ಕೆನೆತ್ ಬಿಗೇ, ಹೋಪಿ ಜನಾಂಗದ ಚಾರ್ಲ್ಸ್ ಲೊಲೋಮಾ ಅವರಂಥವರ ಕೆಲಸವನ್ನು ಇಂದು ಸಂಗ್ರಾಹಕರು ಹುಡುಕುವುದು ಹೆಸರಿನಿಂದ, ತೂಕದಿಂದಲ್ಲ. 1990ರ ಕಾಯ್ದೆ ಇನ್ನೂ ಮುಂದೆ ಹೋಗಿ, ಮೂಲನಿವಾಸಿಗಳು ಮಾಡಿದ್ದೆಂದು ಸುಳ್ಳು ಹೇಳಿ ಮಾರಿದ ವ್ಯಕ್ತಿಗೆ ಮೊದಲ ತಪ್ಪಿಗೇ ಗರಿಷ್ಠ 2.5 ಲಕ್ಷ ಡಾಲರ್ ದಂಡ, 5 ವರ್ಷ ಜೈಲಿನವರೆಗೆ ಶಿಕ್ಷೆ ಇಟ್ಟಿತು.

ಎರಡನೆಯ ನಿದರ್ಶನ ಯುರೋಪಿನದು, ಅದರಲ್ಲಿ ಸೋಲೂ ಇದೆ. ಇಂಗ್ಲೆಂಡಿನಲ್ಲಿ ಸಿ.ಆರ್. ಆಶ್‌ಬಿ 1888ರಲ್ಲಿ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಕಟ್ಟಿದ. ಯಂತ್ರದ ಗೊಡವೆಯಿಲ್ಲದೆ ಬೆಳ್ಳಿಯ ಪಾತ್ರೆ, ಬ್ರೋಚ್, ಬಕಲ್ ಮಾಡುವ ಕುಶಲಕರ್ಮಿಗಳ ಕೂಟ ಅದು. 1899ರಲ್ಲಿ ಲಂಡನ್ನಿನ ಲಿಬರ್ಟಿ ಕಂಪನಿ ಸಿಮ್ರಿಕ್ ಎಂಬ ಬೆಳ್ಳಿ ಆಭರಣಗಳ ಮಾಲೆ ತಂದಿತು. ಬಕಲ್‌ಗಳು ಅದರ ಮುಖ್ಯ ಸರಕು. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಅಚ್ಚೊತ್ತಿ, ಕೊನೆಗೆ ಕೈಕೆಲಸದಂತೆ ಕಾಣುವ ಹಾಗೆ ಮುಗಿಸುವ ಮಾಲು. ವಿನ್ಯಾಸ ಮಾಡಿದ ಆರ್ಚಿಬಾಲ್ಡ್ ನಾಕ್ಸ್ ಅಂಥವರ ಹೆಸರನ್ನು ಕಂಪನಿ ಹೊರಗೆ ಬಿಡಲಿಲ್ಲ. ಆಶ್‌ಬಿಯ ಗಿಲ್ಡ್ ಆ ಪೈಪೋಟಿಯನ್ನು ತಾಳಲಾರದೆ 1908ರ ಹೊತ್ತಿಗೆ ಬಾಗಿಲು ಹಾಕಿತು. ಅದೇ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಗಿಯೋರ್ ಯೆನ್ಸೆನ್ 1904ರಲ್ಲಿ ಕೋಪನ್‌ಹೇಗನ್‌ನಲ್ಲಿ ಸಣ್ಣ ಬೆಳ್ಳಿ ಕಾರ್ಯಾಗಾರ ತೆರೆದ. 1899ರಲ್ಲೇ ಆದಾಮ-ಹವ್ವರ ಬಕಲ್ ಮಾಡಿ ಹೆಸರು ಮಾಡಿದ್ದವನು ಅವನು. ದುಬಾರಿ ವಜ್ರಗಳನ್ನು ಬದಿಗಿಟ್ಟು ಬೆಳ್ಳಿಗೂ ಸಾಧಾರಣ ಕಲ್ಲುಗಳಿಗೂ ಕೆಲಸದಿಂದಲೇ ಬೆಲೆ ತಂದ. ಅವನ ಸಂಸ್ಥೆ ಯೋಹಾನ್ ರೋಡೆಯಂಥ ವಿನ್ಯಾಸಕಾರರನ್ನು ಹೆಸರಿಟ್ಟು ಗುರುತಿಸಿತು, ಇಂದಿಗೂ ಉಳಿದಿದೆ. ಗಿಲ್ಡ್ ಮುಳುಗಲು ಬೇರೆ ಕಾರಣಗಳೂ ಇದ್ದವು. 1902ರಲ್ಲಿ ಲಂಡನ್ ಬಿಟ್ಟು ಹಳ್ಳಿಗೆ ಹೋದದ್ದು ಅವುಗಳಲ್ಲಿ ಒಂದು. ಆದರೂ ಒಂದು ಮಾತು ನಿಲ್ಲುತ್ತದೆ. ಯಾವುದು ಕೈಯದು, ಯಾವುದು ಅಚ್ಚಿನದು ಎಂದು ಗಿರಾಕಿಗೆ ತಿಳಿಯದಂತೆ ಇಟ್ಟಲ್ಲಿ ಕೈಕೆಲಸ ಬೆಲೆಯಲ್ಲೇ ಸೋಲುತ್ತದೆ.

ಮಾಡಿದವರ ಹೆಸರು ಹಾಕಬೇಕೆಂಬುದಕ್ಕೆ ಬರುವ ಮೊದಲ ಆಕ್ಷೇಪ ಸಂಪ್ರದಾಯದ್ದು. ನಮ್ಮ ಕಲೆಗಳು ಸಮುದಾಯದವು, ಹೆಸರು ಕೆತ್ತಿಕೊಳ್ಳುವ ಅಹಂಕಾರ ನಮ್ಮದಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಕನ್ನಡ ನಾಡಿನ ಮಟ್ಟಿಗಂತೂ ಇದು ನಿಜವಲ್ಲ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಕೆಳಗೆ ಹೆಸರು ಬರೆಸಿದ್ದಾರೆ. ಹದಿಮೂರನೇ ಶತಮಾನದ ಸೋಮನಾಥಪುರದ ದೇವಾಲಯದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಆ ಕಾಲದ ಕೆಲವು ಶಿಲ್ಪಿಗಳು ಹೆಸರಿನ ಜೊತೆಗೆ ಬಿರುದನ್ನೂ ಊರನ್ನೂ ಸೇರಿಸಿದರು. ಮದನಿಕೆಯರ ಸೊಂಟದ ಆಭರಣಗಳನ್ನು ಕಲ್ಲಿನಲ್ಲಿ ಅಷ್ಟು ನವುರಾಗಿ ಬಿಡಿಸಿದವರಿಗೆ ಹೆಸರು ಬರೆಯುವುದು ದೇವರಿಗೆ ಅಪಚಾರ ಎನ್ನಿಸಲಿಲ್ಲ. ಒಂಬೈನೂರು ವರ್ಷ ಹಿಂದೆ ಕಲ್ಲಿಗೆ ಇದ್ದ ಗೌರವ ಇಂದು ಲೋಹಕ್ಕೆ ಬೇಡವೆನ್ನಲು ಸಂಪ್ರದಾಯವನ್ನು ಮುಂದೆ ಮಾಡುವಂತಿಲ್ಲ. ಒಂದು ತುಂಡಿಗೆ ಹಲವರ ಕೈ ಸೇರಿರುತ್ತದೆ ಎಂಬುದು ಇದಕ್ಕಿಂತ ಗಟ್ಟಿಯಾದ ವಾದ. ಬಿದ್ರಿಯಲ್ಲಿ ಎರಕ ಒಬ್ಬರದು, ಕೆತ್ತನೆ ಇನ್ನೊಬ್ಬರದು, ಬೆಳ್ಳಿ ಕೂರಿಸುವುದು ಮತ್ತೊಬ್ಬರದು ಆಗಿರಬಹುದು. ಹಾಗಿದ್ದರೆ ಎಲ್ಲರ ಹೆಸರನ್ನೂ ಬರೆಯುವುದೇ ಪರಿಹಾರ. ಬಕಲ್‌ನ ಹಿಂಬದಿಯಲ್ಲಿ ಕಾರ್ಯಾಗಾರದ ಗುರುತು, ಜೊತೆಗಿಡುವ ಚೀಟಿಯಲ್ಲಿ ಯಾವ ಕೆಲಸ ಯಾರದು ಎಂಬ ವಿವರ. ಸಿನಿಮಾದಲ್ಲಿ ನೂರಾರು ಜನರ ಹೆಸರು ತೋರಿಸುವುದು ಸಾಧ್ಯವಾದರೆ ಬಕಲ್‌ಗೆ ಮೂರು ಹೆಸರು ಭಾರವಲ್ಲ.

ಎರಡನೆಯ ಆಕ್ಷೇಪ ಬಡವರ ಕಡೆಯಿಂದ ಬರುವಂಥದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ನಮ್ಮಲ್ಲಿ ಚಿನ್ನ-ಬೆಳ್ಳಿ ಬರಿಯ ಅಲಂಕಾರವಲ್ಲ, ಆಪತ್ತಿಗೆ ಆಗುವ ಗಂಟು. ಹೆರಿಗೆಗೆ, ಬಿತ್ತನೆಗೆ, ಮಕ್ಕಳ ಶುಲ್ಕಕ್ಕೆ ಒತ್ತೆ ಇಡುವಾಗ ಬ್ಯಾಂಕು ನೋಡುವುದು ಗ್ರಾಂ, ಶುದ್ಧತೆ ಮಾತ್ರ. ಕುಸುರಿಗೆ ಹೆಚ್ಚು ಕೊಟ್ಟವರಿಗೆ ಆ ಹಣ ಮರಳಿ ಬರುವುದಿಲ್ಲ. ಈ ಮಾತು ಪೂರ್ತಿ ನಿಜ, ಆದ್ದರಿಂದಲೇ ಕೆಲಸದ ಬೆಲೆ ಬೇರೆಯಾಗಿ ಕಾಣಬೇಕು. ಮಾಂಗಲ್ಯದ ಸರವನ್ನೋ ಬಳೆಯನ್ನೋ ಉಳಿತಾಯವೆಂದು ಕೊಳ್ಳುವವರು ಗ್ರಾಂ ಲೆಕ್ಕದಲ್ಲೇ ಕೊಳ್ಳಲಿ. ಕೆಲಸಕ್ಕೆಂದು ಎಷ್ಟು ಕೊಡುತ್ತಿದ್ದೇವೆ, ಮರಳದ ಹಣ ಎಷ್ಟು ಎಂಬುದು ಅವರಿಗೂ ಮುಂಚೆಯೇ ಗೊತ್ತಾಗುತ್ತದೆ. ಶೇಕಡಾವಾರು ಮಜೂರಿಯಲ್ಲಿ ಈ ಎರಡೂ ಕಲಸಿಹೋಗಿ ನಷ್ಟವಾಗುವುದು ಅವರಿಗೇ. ಬಕಲ್, ಕಫ್‌ಲಿಂಕ್, ಕೋಟಿನ ಗುಂಡಿಗಳನ್ನು ಒತ್ತೆ ಇಡಲೆಂದು ಯಾರೂ ಕೊಳ್ಳುವುದಿಲ್ಲ. ತೂಕದ ಹಿಡಿತದಿಂದ ಹೊರಬರಲು ಇವು ಸರಿಯಾದ ವಸ್ತುಗಳು. ಚಿನ್ನದ ಅಂಗಡಿಯ ಪದ್ಧತಿಯನ್ನು ರಾತ್ರೋರಾತ್ರಿ ಬದಲಿಸಬೇಕಿಲ್ಲ, ಇಂಥ ಚಿಕ್ಕ ವಸ್ತುಗಳಿಂದ ಶುರುಮಾಡಿದರೆ ಸಾಕು.

ಯಂತ್ರದ ಬಕಲ್ ನೂರು ರೂಪಾಯಿಗೆ ಸಿಗುವಾಗ ಕೈಯದು ಯಾಕೆ ಎಂಬುದು ಮೂರನೆಯ ಪ್ರಶ್ನೆ. ಶಾಲೆಯ ಸಮವಸ್ತ್ರಕ್ಕೆ, ದಿನದ ಓಡಾಟಕ್ಕೆ ಜಾಮಾಕ್ ಬಕಲ್ ಸಾಕು, ಅದನ್ನು ಹಳಿಯುವ ಅಗತ್ಯವಿಲ್ಲ. ಕೈಕೆಲಸ ಅದರೊಂದಿಗೆ ಬೆಲೆಯಲ್ಲಿ ಪೈಪೋಟಿಗೆ ಇಳಿಯಲೂಬಾರದು. ಆದರೆ ನಮ್ಮ ಜನ ಹೆಸರಿಗೆ ಹಣ ಕೊಡುವುದಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಬೆಂಗಳೂರಿನ ಮಾಲ್‌ಗಳಲ್ಲಿ ವಿದೇಶಿ ಕಂಪನಿಗಳ ಅಕ್ಷರದಾಕಾರದ ಬಕಲ್ ಇರುವ ಬೆಲ್ಟುಗಳು ಹತ್ತಾರು ಸಾವಿರ ರೂಪಾಯಿಗೆ ಮಾರಾಟವಾಗುತ್ತವೆ. ಅದರ ಲೋಹ ಸಾಮಾನ್ಯವಾಗಿ ಲೇಪ ಕೊಟ್ಟ ಹಿತ್ತಾಳೆ. ಅಲ್ಲಿ ಯಾರೂ ಗ್ರಾಂ ಕೇಳುವುದಿಲ್ಲ. ಅಂದರೆ ತೂಕ ಬಿಟ್ಟು ಬೇರೆ ಕಾರಣಕ್ಕೆ ಬೆಲೆ ಕೊಡುವುದನ್ನು ನಾವು ಆಗಲೇ ಕಲಿತಿದ್ದೇವೆ, ಕಂಪನಿಯ ಹೆಸರಿಗೆ ಮಾತ್ರ. ಸೊಂಟಕ್ಕೆ ಲೋಹ ತೊಡುವುದೂ ನಮಗೆ ಹೊಸತಲ್ಲ. ಉತ್ತರ ಕರ್ನಾಟಕದ ಡಾಬು, ಮಕ್ಕಳಿಂದ ಮುದುಕರವರೆಗೆ ತೊಡುವ ಬೆಳ್ಳಿಯ ಉಡಿದಾರ, ಕೊಡಗಿನಲ್ಲಿ ಒಡಿಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸುವ ಲೋಹದ ತೊಡಂಗ್ ಎಲ್ಲವೂ ಇಲ್ಲಿನವೇ. ಡಾಬಿನ ಕೊಂಡಿ ಮಾಡಬಲ್ಲ ಕೈಗೆ ಪ್ಯಾಂಟಿನ ಬೆಲ್ಟಿನ ಬಕಲ್ ಹೊಸ ವಿದ್ಯೆಯಲ್ಲ.

ಬೆಲೆ ಏರಿದರೆ ಇರುವ ಗಿರಾಕಿಯೂ ಹೋಗುತ್ತಾನೆ, ಪೆಟ್ಟು ಬೀಳುವುದು ಕುಶಲಕರ್ಮಿಯ ಹೊಟ್ಟೆಗೆ ಎಂಬ ಭಯವೂ ಇದೆ. ಇದಕ್ಕೆ ಉತ್ತರ ವಸ್ತುವಿನ ಆಯ್ಕೆಯಲ್ಲಿದೆ. ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿಯ ಗಡಿ ದಾಟಿದ ಮೇಲೆ ದೊಡ್ಡ ಹೂದಾನಿ, ಹೂಜಿಗಳನ್ನು ಮಾಡಿಟ್ಟು ಗಿರಾಕಿಗೆ ಕಾಯುವುದು ಸಣ್ಣ ಕಾರ್ಯಾಗಾರಕ್ಕೆ ಕಷ್ಟ, ಹಾಕಿದ ಬಂಡವಾಳ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುತ್ತದೆ. ಬಕಲ್, ಗುಂಡಿ, ಸೀರೆ ಪಿನ್ನುಗಳಿಗೆ ಬೇಕಾದ ಬೆಳ್ಳಿ ಕಡಿಮೆ, ಬಂಡವಾಳ ಬೇಗ ತಿರುಗುತ್ತದೆ. ಮೇಲಾಗಿ ಹೂದಾನಿ ಸನ್ಮಾನದಲ್ಲಿ ಬಂದು ಶೋಕೇಸಿನಲ್ಲಿ ಸೇರಿಹೋಗುವ ವಸ್ತು, ಕೊಟ್ಟವರಾಗಲೀ ಪಡೆದವರಾಗಲೀ ಅದನ್ನು ಮತ್ತೆ ಹುಡುಕಿಕೊಂಡು ಬರುವುದು ಅಪರೂಪ. ಬಕಲ್ ಹಾಗಲ್ಲ. ತೊಗಲು ಸವೆದಾಗ ಹೊಸ ತೊಗಲಿಗೆ ಅದನ್ನೇ ಕಟ್ಟಿಕೊಳ್ಳಬಹುದು, ಮುಳ್ಳು ಸಡಿಲವಾದರೆ ಮಾಡಿದವರ ಬಳಿ ಒಯ್ದು ಸರಿಮಾಡಿಸಬಹುದು, ಆದರೆ ಮಾಡಿದವರು ಯಾರೆಂದು ಗೊತ್ತಿರಬೇಕು. ನಾಲ್ಕು ಬೆಲ್ಟಿನ ಆಯುಷ್ಯಕ್ಕೂ ಬರುವ ಬಕಲ್‌ನ ಬೆಲೆಯನ್ನು ಅಷ್ಟೂ ವರ್ಷಗಳಿಗೆ ಹಂಚಿ ನೋಡಿದರೆ ದುಬಾರಿ ಎನ್ನಿ‌ಸುವುದಿಲ್ಲ.

ನಕಲಿ ಗುರುತುಗಳು ಬರುತ್ತವೆ ಎಂಬುದು ಇನ್ನೊಂದು ಅಡ್ಡಿ. ಬರುತ್ತವೆ. ಅಷ್ಟು ಕಠಿಣ ಕಾಯ್ದೆಯಿರುವ ಅಮೆರಿಕದಲ್ಲೇ ಫಿಲಿಪೀನ್ಸ್‌ನಲ್ಲಿ ಮಾಡಿಸಿದ ಆಭರಣಗಳನ್ನು ಮೂಲನಿವಾಸಿಗಳ ಕೆಲಸವೆಂದು ಮಾರಿದ ಜಾಲದ ಮೇಲೆ 2015ರಲ್ಲಿ ದಾಳಿ ನಡೆಯಿತು. ಆದರೆ ಹೆಸರೇ ಇಲ್ಲದಿದ್ದರೆ ನಕಲು ಮಾಡಿದವರ ಮೇಲೆ ದೂರು ಕೊಡುವುದಾದರೂ ಹೇಗೆ? ಗುರುತು ನೋಂದಣಿಯಾಗಿದ್ದರೆ ಕಳ್ಳತನಕ್ಕೆ ಸಾಕ್ಷಿ ಇರುತ್ತದೆ. ಚಿನ್ನಕ್ಕೆ ಪ್ರತಿ ತುಂಡಿಗೂ ಸಂಖ್ಯೆ ಕೊಡಬಲ್ಲ ವ್ಯವಸ್ಥೆಯಲ್ಲಿ ಮಾಡಿದವರ ಹೆಸರಿಗೆ ಒಂದು ಅಂಕಣ ಸೇರಿಸುವುದು ತಾಂತ್ರಿಕವಾಗಿ ದೊಡ್ಡ ಮಾತಲ್ಲ. ಹೊಸ ವಿನ್ಯಾಸಕ್ಕೆ 2000ನೇ ಇಸವಿಯ ವಿನ್ಯಾಸ ಕಾಯ್ದೆಯಡಿ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಇದನ್ನು ಬಳಸಿಕೊಳ್ಳಲು ಕುಶಲಕರ್ಮಿಗಳಿಗೆ ಬೇಕಾಗಿರುವುದು ಅರ್ಜಿ ತುಂಬಿಕೊಡುವ ನೆರವು, ಹೊಸ ಕಾನೂನಲ್ಲ.

ಹೆಸರಿನಿಂದ ಕೊಳ್ಳುವವರಿಗೂ ನೇರ ಲಾಭವಿದೆ. ‘ಜರ್ಮನ್ ಸಿಲ್ವರ್’ ಎಂದು ಮಾರುವ ಲೋಹದಲ್ಲಿ ಬೆಳ್ಳಿಯ ಲೇಶವೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ನಿಕ್ಕಲ್ ಹಲವರ ಚರ್ಮಕ್ಕೆ ಆಗುವುದಿಲ್ಲ. ಬೆಲ್ಟಿನ ಬಕಲ್, ಜೀನ್ಸಿನ ಗುಂಡಿ ತಾಗುವ ಕಡೆ ಹೊಕ್ಕುಳ ಕೆಳಗೆ ಏಳುವ ಕಜ್ಜಿ ಚರ್ಮವೈದ್ಯರಿಗೆ ಪರಿಚಿತವಾದದ್ದು. ಚರ್ಮಕ್ಕೆ ಬಹುಕಾಲ ತಾಗುವ ವಸ್ತುಗಳಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದು ಎಂದು ಐರೋಪ್ಯ ಒಕ್ಕೂಟ ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಹೆಸರಿಲ್ಲದ, ಲೇಪ ಹೊದ್ದ ಬಕಲ್‌ನೊಳಗೆ ಏನಿದೆ ಎಂದು ಯಾರನ್ನು ಕೇಳುವುದು? ಲೋಹ ಯಾವುದು, ಮಾಡಿದವರು ಯಾರು ಎಂದು ಬರೆದುಕೊಟ್ಟ ವಸ್ತುವಿಗೆ ಹೊಣೆಗಾರರಿರುತ್ತಾರೆ. ತೂಕ, ಶುದ್ಧತೆಗಳಷ್ಟೇ ಇದೂ ಗ್ರಾಹಕರ ಹಕ್ಕು. ಇಂಗ್ಲೆಂಡಿನಲ್ಲಿ 1363ರಿಂದಲೇ ತಯಾರಕರ ಗುರುತು ಕಡ್ಡಾಯವಾದದ್ದು ಕಲಾವಿದರ ಕೀರ್ತಿಗಾಗಿ ಅಲ್ಲ, ಕಲಬೆರಕೆ ಮಾಡಿದವರನ್ನು ಹಿಡಿಯಲು. ಹೊಣೆಗೆಂದು ಒತ್ತಿದ ಆ ಗುರುತೇ ಕಾಲಾಂತರದಲ್ಲಿ ಒಳ್ಳೆಯ ಕೆಲಸಗಾರರ ಹೆಸರನ್ನು ಉಳಿಸಿತು.

ಸರ್ಕಾರ ಮಾಡಬಹುದಾದದ್ದು ಹೆಚ್ಚು ಖರ್ಚಿನದಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಅಕ್ಕಸಾಲಿಗರೂ ಸೇರಿ 18 ಕಸುಬುಗಳಿವೆ. ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ, ತರಬೇತಿ, ಗುರುತಿನ ಚೀಟಿ ಅದರಲ್ಲಿ ಸಿಗುತ್ತವೆ. ಅಂದರೆ ಕುಶಲಕರ್ಮಿ ಯಾರೆಂಬುದು ಸರ್ಕಾರದ ಕಡತಕ್ಕೆ ಗೊತ್ತು, ಕೊಳ್ಳುವವರಿಗೆ ಮಾತ್ರ ಗೊತ್ತಿಲ್ಲ. ರಾಜ್ಯದ ಕರಕುಶಲ ನಿಗಮ ತನ್ನ ಕಾವೇರಿ ಮಳಿಗೆಗಳಲ್ಲಿ ಮಾರುವ ಪ್ರತಿ ಲೋಹದ ವಸ್ತುವಿಗೂ ಮಾಡಿದವರ ಗುರುತು, ಲೋಹದ ವಿವರ, ಕೆಲಸದ ಬೆಲೆ ಬರೆದ ಚೀಟಿಯನ್ನು ಜೋಡಿಸಲಿ. ಸಮ್ಮೇಳನ, ಸನ್ಮಾನಗಳಿಗೆ ಸರ್ಕಾರಿ ಇಲಾಖೆಗಳು ಕೊಳ್ಳುವ ನೆನಪಿನ ಕಾಣಿಕೆಗಳಿಗೆ ಇದನ್ನು ಷರತ್ತಾಗಿ ಇಡಲಿ. ಹಾಲ್‌ಮಾರ್ಕ್ ಇರುವ ಬೆಳ್ಳಿ ವಸ್ತುಗಳಲ್ಲಿ ಬಯಸಿದ ಅಕ್ಕಸಾಲಿಗರು ತಮ್ಮ ಹೆಸರು ಸೇರಿಸಲು ಮಾನಕ ಬ್ಯೂರೋ ಅವಕಾಶ ಕೊಡಲಿ. ಆಭರಣದ ಅಂಗಡಿಗಳು ಮಜೂರಿಯನ್ನು ಶೇಕಡಾವಾರು ಹೇಳುವ ಬದಲು ರೂಪಾಯಿಯಲ್ಲಿ, ಕೆಲಸದ ವಿವರದೊಂದಿಗೆ ಹೇಳಲಿ. ಕಲಾವಿದರೂ ತಮ್ಮ ಪಾಲಿನದನ್ನು ಮಾಡಬೇಕು. ಅಚ್ಚಿನಲ್ಲಿ ಎರಕ ಹೊಯ್ದು, ಲೇಸರ್‌ನಲ್ಲಿ ಕೊರೆಸಿ, ಅಂಚನ್ನು ಮಾತ್ರ ತೀಡಿದ್ದನ್ನು ಪೂರ್ತಿ ಕೈಕೆಲಸ ಎಂದು ಮಾರಬಾರದು. ಯಂತ್ರ ಬಳಸುವುದು ತಪ್ಪಲ್ಲ, ಬಳಸಿದ್ದನ್ನು ಮುಚ್ಚಿಡುವುದು ತಪ್ಪು.

ಓದುಗರಾದ ನಮ್ಮ ಕೈಯಲ್ಲೂ ಒಂದು ಕೆಲಸವಿದೆ. ಮುಂದಿನ ಸಲ ಕೈಕೆಲಸದ ಬಕಲ್ಲೋ ಕಫ್‌ಲಿಂಕೋ ಕೊಳ್ಳುವಾಗ ಎಷ್ಟು ಗ್ರಾಂ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳೋಣ: ಇದನ್ನು ಮಾಡಿದವರು ಯಾರು, ಲೋಹ ಯಾವುದು, ಕೆಟ್ಟರೆ ಸರಿಮಾಡಿಕೊಡುವವರು ಯಾರು. ಮೂರಕ್ಕೂ ಉತ್ತರ ಕೊಡುವ ಅಂಗಡಿಗೆ ಕೇಳಿದ ಬೆಲೆ ಕೊಡೋಣ, ಉತ್ತರವಿಲ್ಲದ ಅಂಗಡಿಯಲ್ಲಿ ಚೌಕಾಸಿ ಮಾಡೋಣ.